ರಸ್ತೆಯಲ್ಲಿ ಬಾವಲಿ ಯಾಕೆ ಸಾಯುತ್ತಿದೆ? ನಿಮ್ಮೂರ ದಾರಿಯಲ್ಲೇ ಕಾರಣ ಹುಡುಕುವ ಸಮಗ್ರ ಮಾರ್ಗದರ್ಶಿ

ರಸ್ತೆಯಲ್ಲಿ ಸತ್ತ ನಾಯಿ, ಹಾವು, ಮುಂಗುಸಿ ಎಲ್ಲರ ಕಣ್ಣಿಗೂ ಬೀಳುತ್ತವೆ. ಬಾವಲಿ ಬೀಳುವುದಿಲ್ಲ. ನಮ್ಮ ಊರುಗಳಲ್ಲಿ ಸಂಜೆ ಮನೆ ಮುಂದೆ ಸುತ್ತುವ ಪಿಪಿಸ್ಟ್ರೆಲ್ ಜಾತಿಯ ಪುಟಾಣಿ ಬಾವಲಿಯ ತೂಕ ಕೆಲವೇ ಗ್ರಾಂ. ಲಾರಿಗೆ ಬಡಿದು ರಸ್ತೆ ಅಂಚಿಗೆ ಬಿದ್ದರೆ ಅದು ಒಣಗಿದ ಹೊಂಗೆ ಎಲೆಯ ಹಾಗೆಯೇ ಕಾಣುತ್ತದೆ. ಬೆಳಕು ಹರಿದು ಸ್ವಲ್ಪ ಹೊತ್ತಿಗೆಲ್ಲ ಕಾಗೆ, ನಾಯಿ, ಇರುವೆ ಸೇರಿ ಅದನ್ನು ಮುಗಿಸಿರುತ್ತವೆ. ಹಾಗಾಗಿ ‘ನಮ್ಮ ರಸ್ತೆಯಲ್ಲಿ ಬಾವಲಿ ಸಾಯೋದೇ ಇಲ್ಲ’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ‘ಯಾರಾದರೂ ಹುಡುಕಿದ್ದಾರಾ?’

ಕಾಲೇಜಿನ ನಿಸರ್ಗ ಕ್ಲಬ್, ಹಳ್ಳಿಯ ಯುವಕರ ಸಂಘ, ಆಸಕ್ತಿ ಇರುವ ಮೇಷ್ಟ್ರು, ಯಾರು ಬೇಕಾದರೂ ಈ ಕೆಲಸ ಮಾಡಬಹುದು. ದುಬಾರಿ ಸಲಕರಣೆ ಬೇಡ. ತಾಳ್ಮೆ ಬೇಕು, ಶಿಸ್ತು ಬೇಕು.

ವಾಹನ ಜಾಸ್ತಿ ಇದ್ದಲ್ಲಿ ಬಾವಲಿ ಜಾಸ್ತಿ ಸಾಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ ನಿಜ. ಬಾವಲಿಯ ಹಾದಿ ಮತ್ತು ನಮ್ಮ ರಸ್ತೆ ಎಲ್ಲಿ ಒಂದೇ ಎತ್ತರದಲ್ಲಿ, ಒಂದೇ ಹೊತ್ತಿನಲ್ಲಿ ಸೇರುತ್ತವೋ ಅಲ್ಲಿ ಸಾವು ಆಗುತ್ತದೆ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಜಾಗವನ್ನು ಗುರುತಿಸುವುದಕ್ಕೇ.

ಶುರು ಮಾಡುವ ಮೊದಲು: ಬಾವಲಿ ಯಾಕೆ ತಪ್ಪಿಸಿಕೊಳ್ಳುವುದಿಲ್ಲ?

ಕತ್ತಲಲ್ಲಿ ಸೊಳ್ಳೆ ಹಿಡಿಯುವ ಪ್ರಾಣಿಗೆ ಬಸ್ಸು ಗೊತ್ತಾಗುವುದಿಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹುಳ ತಿನ್ನುವ ಬಾವಲಿ ಕೂಗು ಹಾಕಿ, ಅದರ ಮರುದನಿ ಕೇಳಿ ಎದುರು ಏನಿದೆ ಅಂತ ತಿಳಿಯುತ್ತದೆ. ಹುಳದಂಥ ಸಣ್ಣ ವಸ್ತು ಗೊತ್ತಾಗುವುದು ಕೆಲವೇ ಮೀಟರ್ ದೂರದಿಂದ. ದೊಡ್ಡ ವಸ್ತುವಾದರೆ ಇನ್ನೂ ಸ್ವಲ್ಪ ದೂರದಿಂದ ಗೊತ್ತಾದೀತು. ಆದರೆ ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಬರುತ್ತದೆ. ಬಾವಲಿಗೆ ಸುದ್ದಿ ಮುಟ್ಟಿ, ಅದು ದಿಕ್ಕು ಬದಲಿಸುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಇಂಥ ವೇಗದಲ್ಲಿ ನುಗ್ಗಿ ಬರುವ ದೊಡ್ಡ ವಸ್ತು ಅದರ ಲೋಕದಲ್ಲಿ ಹಿಂದೆ ಇರಲೇ ಇಲ್ಲ.

ದೊಡ್ಡ ಹಣ್ಣುಬಾವಲಿಯ ಕಥೆ ಬೇರೆ. ಆಲದ ಮರದಲ್ಲಿ ಗುಂಪುಗುಂಪಾಗಿ ನೇತಾಡುವ ಈ ಬಾವಲಿ ಮರುದನಿ ಬಳಸುವುದೇ ಇಲ್ಲ. ಕಣ್ಣು ಮತ್ತು ಮೂಗನ್ನೇ ನಂಬುತ್ತದೆ. ಕತ್ತಲಿಗೆ ಒಗ್ಗಿದ ಕಣ್ಣಿಗೆ ಹೈಬೀಮ್ ಹೆಡ್‌ಲೈಟ್ ಬಿದ್ದರೆ ಏನಾಗಬಹುದು, ನೀವೇ ಊಹಿಸಿ.

ಇಷ್ಟೆಲ್ಲಾ ತಲೆಕೆಡಿಸಿಕೊಳ್ಳಬೇಕಾ? ಬೇಕು. ದೊಡ್ಡ ಹಣ್ಣುಬಾವಲಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಇಲಿಯ ಹಾಗೆ ಬೇಗ ಸಂಖ್ಯೆ ತುಂಬಿಕೊಳ್ಳಲು ಆಗುವುದಿಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಎಲೆಮೂಗಿನ ಬಾವಲಿಯಂಥ ಜಾತಿ ಜಗತ್ತಿನಲ್ಲಿ ಆ ಒಂದು ಜಾಗದಲ್ಲೇ ಉಳಿದಿದೆ. ಅಂಥ ಕಡೆ ಒಂದೊಂದು ಜೀವವೂ ಲೆಕ್ಕಕ್ಕೆ ಬರುತ್ತದೆ.

ಹಂತ 1: ರಸ್ತೆ ಆರಿಸಿ, ಸುರಕ್ಷತೆ ನೋಡಿಕೊಳ್ಳಿ

ಎರಡು-ಮೂರು ಕಿಲೋಮೀಟರ್ ಉದ್ದದ ತುಂಡು ಸಾಕು. ಹತ್ತು ಕಿಲೋಮೀಟರ್ ಹಿಡಿದು ಅರ್ಧಕ್ಕೆ ಬಿಡುವುದಕ್ಕಿಂತ ಇದು ಒಳ್ಳೆಯದು. ತಾಲ್ಲೂಕು ರಸ್ತೆ ಅಥವಾ ಸಣ್ಣ ರಾಜ್ಯ ಹೆದ್ದಾರಿ ಆದರೆ ಚೆನ್ನ. ಅದರಲ್ಲಿ ಒಂದಷ್ಟು ಸಾಲುಮರ, ಒಂದಷ್ಟು ಬಯಲು, ಸಾಧ್ಯವಾದರೆ ಒಂದು ಕೆರೆ ಅಥವಾ ಹಳ್ಳ ಇರಲಿ. ಎಲ್ಲ ಕಡೆ ಒಂದೇ ಥರ ಇರುವ ರಸ್ತೆಯಲ್ಲಿ ಯಾವ ಕಾರಣ ಮುಖ್ಯ ಅಂತ ಹೇಳಲು ಆಗುವುದಿಲ್ಲ.

ಹುಲಿ ಸಂರಕ್ಷಿತ ಪ್ರದೇಶ ಅಥವಾ ಅಭಯಾರಣ್ಯದ ಒಳಗಿನ ರಸ್ತೆಗೆ ನೀವಾಗಿಯೇ ಹೋಗಬೇಡಿ. ಅಲ್ಲಿ ವಾಹನ ನಿಲ್ಲಿಸಿ ಇಳಿಯುವಂತೆಯೇ ಇಲ್ಲ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಮತ್ತು ಸಿಬ್ಬಂದಿ ಇದ್ದರೆ ಮಾತ್ರ ಆ ಮಾತು. ನಾಲ್ಕು ಪಥ, ಆರು ಪಥದ ಹೆದ್ದಾರಿಗಳೂ ಬೇಡ.

ಇಬ್ಬರಿಗಿಂತ ಕಡಿಮೆ ಜನ ಹೋಗಬೇಡಿ. ಒಬ್ಬರು ನೆಲ ನೋಡುವಾಗ ಇನ್ನೊಬ್ಬರ ಕೆಲಸ ವಾಹನ ನೋಡುವುದು, ಅಷ್ಟೇ. ಬೆಳಕಿಗೆ ಹೊಳೆಯುವ ಜಾಕೆಟ್ ಹಾಕಿ. ಎದುರಿನಿಂದ ವಾಹನ ಬರುವ ಬದಿಯಲ್ಲೇ ನಡೆಯಿರಿ. ಊರಿನವರಿಗೂ ಪೊಲೀಸ್ ಠಾಣೆಗೂ ಮೊದಲೇ ಹೇಳಿಡಿ. ಮುಂಜಾನೆ ಟಾರ್ಚ್ ಹಿಡಿದು ರಸ್ತೆಬದಿ ಅಲೆಯುವವರನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ.

ಇನ್ನೊಂದು ಮಾತನ್ನು ನಾನು ಒತ್ತಿ ಹೇಳುತ್ತೇನೆ: ಸತ್ತದ್ದಿರಲಿ, ಬದುಕಿದ್ದಿರಲಿ, ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ರೇಬಿಸ್, ನಿಪಾದಂಥ ವೈರಸ್‌ಗಳ ಭಯ ಸುಮ್ನೆ ಅಲ್ಲ. ದಪ್ಪ ಕೈಗವಸು ಮತ್ತು ಉದ್ದನೆಯ ಚಿಮಟ ಬಳಸಿ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಬಗ್ಗೆ ಕೇಳಿ. ಹಾಗಂತ ಬಾವಲಿ ಕಂಡರೆ ಹೆದರಬೇಕಾಗಿಲ್ಲ. ಮುಟ್ಟದಿದ್ದರೆ ಸಾಕು.

ಕಾನೂನಿನ ವಿಷಯ. ಹಣ್ಣು ತಿನ್ನುವ ಬಾವಲಿಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆ ದಶಕಗಳ ಕಾಲ ಇಲಿ, ಕಾಗೆಗಳ ಜೊತೆ ಪೀಡೆಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಹಾಗಾಗಿ ಸತ್ತ ಬಾವಲಿಯನ್ನು ಮನೆಗೆ ಒಯ್ಯುವುದು, ಬಾಟಲಿಯಲ್ಲಿ ಇಡುವುದು ಬೇಡ. ಫೋಟೊ ತೆಗೆದುಕೊಳ್ಳಿ, ಸಾಕು.

ಹಂತ 2: ಹಗಲು ಹೊತ್ತಿನಲ್ಲಿ ರಸ್ತೆಯನ್ನು ಓದಿ

ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲಿ ಕೊಡಿ. ರಸ್ತೆಯ ಉದ್ದಕ್ಕೂ ನಡೆದು 100 ಮೀಟರ್‌ಗೆ ಒಂದರಂತೆ ತುಂಡು ಮಾಡಿಕೊಳ್ಳಿ. ಪ್ರತಿ ತುಂಡಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇರಲಿ.

*ಮರಗಳ ತಲೆ ಎಲ್ಲಿ ಸೇರುತ್ತದೆ, ಎಲ್ಲಿ ತುಂಡಾಗುತ್ತದೆ?* ನನ್ನ ಪ್ರಕಾರ ನೋಡಲೇಬೇಕಾದ ಮೊದಲ ಸಂಗತಿ ಇದು. ಬಾವಲಿಗಳು ಬಯಲಲ್ಲಿ ಹಾರಲು ಹಿಂದೆಮುಂದೆ ನೋಡುತ್ತವೆ. ಬೇಲಿ, ಸಾಲುಮರ, ತೋಟದ ಅಂಚು, ಹಳ್ಳದ ದಂಡೆ ಹಿಡಿದು ಹೋಗುತ್ತವೆ. ಎರಡೂ ಬದಿಯ ಮರಗಳು ಮೇಲೆ ಕೂಡಿಕೊಂಡಿದ್ದರೆ ಅವು ಎಲೆಗಳ ಮಟ್ಟದಲ್ಲೇ ದಾಟುತ್ತವೆ. ಕೆಳಗೆ ಲಾರಿ ಹೋದರೂ ತೊಂದರೆ ಇಲ್ಲ. ನಡುವೆ ಮರ ಕಡಿದು ಬಾಯಿ ತೆರೆದ ಜಾಗ ಇದ್ದರೆ, ಅಥವಾ ಎತ್ತರದ ಮರದ ಬದಲು ಬರೀ ಪೊದೆ ಇದ್ದರೆ, ಅವು ಕೆಳಗೆ ಇಳಿಯುತ್ತವೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಾವಲಿಗಳ ದೊಡ್ಡ ವಸತಿಯೊಂದರ ಪಕ್ಕದ ಹೆದ್ದಾರಿಯಲ್ಲಿ ಸಂಶೋಧಕರು ಕಂಡದ್ದೂ ಇದನ್ನೇ. ಮರಗಳ ಎತ್ತರ ಇಳಿದಂತೆ ಬಾವಲಿ ದಾಟುವ ಎತ್ತರವೂ ಇಳಿಯಿತು. ಆ ಅಧ್ಯಯನ 2009ರಲ್ಲಿ ಪ್ರಕಟವಾಯಿತು.

ಪ್ರತಿ ತುಂಡಿನಲ್ಲೂ ಬರೆದುಕೊಳ್ಳಿ: ಮರ ಎರಡೂ ಬದಿ ಇದೆಯಾ, ಒಂದೇ ಬದಿಯಾ? ತಲೆ ಕೂಡಿದೆಯಾ? ಇಲ್ಲದಿದ್ದರೆ ನಡುವಿನ ಅಂತರ ಎಷ್ಟು? ರಸ್ತೆಗೆ ಅಡ್ಡವಾಗಿ ಬೇಲಿ ಅಥವಾ ತೋಟದ ಅಂಚು ಬಂದು ಮುಟ್ಟುತ್ತದಾ? ಅಡ್ಡ ಬರುವ ಸಾಲು ಇದ್ದರೆ ಅಲ್ಲೊಂದು ದೊಡ್ಡ ಗುರುತು ಹಾಕಿ.

*ರಸ್ತೆ ಸುತ್ತಲಿನ ನೆಲಕ್ಕಿಂತ ಎತ್ತರವಾ, ಸಮವಾ, ತಗ್ಗಾ?* ಮಣ್ಣು ಹಾಕಿ ಏರಿಸಿದ ರಸ್ತೆ ಅಪಾಯ. ಗದ್ದೆಯ ಮಟ್ಟದಿಂದ ಮೂರ್ನಾಲ್ಕು ಮೀಟರ್ ಮೇಲೆ ಹಾರುತ್ತಾ ಬಂದ ಬಾವಲಿ, ರಸ್ತೆ ಹತ್ತಿರ ಬಂದಾಗ ಸರಿಯಾಗಿ ಕಾರಿನ ಗಾಜಿನ ಎತ್ತರದಲ್ಲಿ ಇರುತ್ತದೆ. ನಮ್ಮಲ್ಲಿ ಇದಕ್ಕೆ ಕೆರೆ ಏರಿ ಮೇಲಿನ ರಸ್ತೆಗಿಂತ ಒಳ್ಳೆಯ ಉದಾಹರಣೆ ಬೇಕಾ? ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ ಅಥವಾ ಅಡಿಕೆ ತೋಟ. ಬಾವಲಿ ಹಾರುತ್ತಲೇ ನೀರಿನ ಮೇಲ್ಮೈಗೆ ಬಾಯಿ ತಾಗಿಸಿ ಕುಡಿಯುತ್ತದೆ. ನೀರಿನ ಮೇಲೆ ಏಳುವ ಹುಳಗಳೂ ಅದಕ್ಕೆ ಬೇಕು. ಅಲ್ಲಿಂದ ತೋಟಕ್ಕೆ ಹೋಗಲು ಏರಿ ಹತ್ತಿ ದಾಟಲೇಬೇಕು. ನಿಮ್ಮ ರಸ್ತೆಯಲ್ಲಿ ಕೆರೆ ಏರಿ ಇದ್ದರೆ ಮೊದಲು ಅಲ್ಲಿ ನೋಡಿ.

ಮೋರಿಗಳನ್ನೂ ಬಿಡಬೇಡಿ. ಹಳ್ಳ ಹಿಡಿದು ಬರುವ ಬಾವಲಿ, ಮೋರಿ ದೊಡ್ಡದಾಗಿದ್ದು ಒಳಗೆ ಖಾಲಿ ಇದ್ದರೆ ಅದರೊಳಗಿಂದಲೇ ದಾಟಿ ಹೋಗಬಹುದು. ಮೋರಿ ಚಿಕ್ಕದಾಗಿದ್ದರೆ, ಕಸ ಮತ್ತು ಲಂಟಾನ ತುಂಬಿದ್ದರೆ, ಮೇಲೆ ಬಂದು ರಸ್ತೆ ದಾಟಬೇಕಾಗುತ್ತದೆ.

*ಊಟ ಎಲ್ಲಿದೆ?* ಆಲ, ಅರಳಿ, ಅತ್ತಿ, ಗೋಣಿ, ನೇರಳೆ, ಹಿಪ್ಪೆ ಮರಗಳನ್ನು ಒಂದೊಂದಾಗಿ ಗುರುತಿಸಿ. ಯಾವ ತಿಂಗಳು ಹೂ, ಯಾವ ತಿಂಗಳು ಹಣ್ಣು ಅಂತ ಬರೆಯಿರಿ. ಪಟ್ಟಣದ ಅಂಚಿನಲ್ಲಾದರೆ ಗಸಗಸೆ ಹಣ್ಣಿನ ಮರದ ಮೇಲೆ ಕಣ್ಣಿಡಿ. ಅದರ ಕೊಂಬೆ ಗಿಡ್ಡ, ರಸ್ತೆಯ ಮೇಲೆ ಚಾಚಿರುತ್ತದೆ, ವರ್ಷದ ಹೆಚ್ಚು ಕಾಲ ಹಣ್ಣು ಇರುತ್ತದೆ. ಮೋಟುಮೂಗಿನ ಹಣ್ಣುಬಾವಲಿ ಅಲ್ಲೇ ಕೂತು ತಿನ್ನುವುದಿಲ್ಲ. ಹಣ್ಣು ಕಚ್ಚಿಕೊಂಡು ಬೇರೆ ಮರಕ್ಕೆ ಹಾರುತ್ತದೆ. ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಆ ಬೇರೆ ಮರ ರಸ್ತೆಯ ಆಚೆ ಬದಿ ಇದ್ದರೆ ಒಂದೇ ರಾತ್ರಿಯಲ್ಲಿ ಎಷ್ಟು ಸಲ ದಾಟಬೇಕು, ಲೆಕ್ಕ ಹಾಕಿ. ತಿಂದು ಉಗಿದ ಸಿಪ್ಪೆ, ಬೀಜ ಎಲ್ಲಿ ರಾಶಿ ಬಿದ್ದಿದೆ ಅಂತ ಬೆಳಿಗ್ಗೆ ನೋಡಿದರೆ ಆ ಮರ ಯಾವುದು ಅಂತ ಗೊತ್ತಾಗುತ್ತದೆ.

*ದೀಪ.* ಬೀದಿದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಬಾವಲಿ ಬರುತ್ತದೆ. ಆದರೆ ಎಲ್ಲ ಬಾವಲಿಯೂ ಅಲ್ಲ. ಪಿಪಿಸ್ಟ್ರೆಲ್‌ಗಳು ದೀಪದ ಸುತ್ತ ಬೇಟೆಯಾಡುತ್ತವೆ. ಕುದುರೆಲಾಳದ ಬಾವಲಿಯಂಥವು ಬೆಳಕು ಕಂಡರೆ ದೂರ ಸರಿದು ಕತ್ತಲಿನ ತುಂಡು ಹುಡುಕಿ ಅಲ್ಲಿ ದಾಟುತ್ತವೆ. ಅಂದರೆ ಒಂದೇ ದೀಪ ಒಂದು ಜಾತಿಯನ್ನು ರಸ್ತೆಗೆ ಎಳೆಯುತ್ತದೆ, ಇನ್ನೊಂದನ್ನು ಬೇರೆ ಕಡೆ ತಳ್ಳುತ್ತದೆ. ದೀಪ ಬಿಳಿಯೋ ಹಳದಿಯೋ, ಬೆಳಕು ಕೆಳಕ್ಕೆ ಬೀಳುತ್ತದೋ ಸುತ್ತಲೂ ಚೆಲ್ಲುತ್ತದೋ, ರಾತ್ರಿಯಿಡೀ ಉರಿಯುತ್ತದೋ ಇಲ್ಲವೋ ಬರೆದುಕೊಳ್ಳಿ.

*ವಸತಿ.* ಹಾಳು ಬಾವಿ, ಹಳೇ ದೇವಸ್ಥಾನ, ಸೇತುವೆಯ ಬಿರುಕು, ಬಂಡೆಯ ಸಂದು, ತಾಳೆ ಮರ. ಬಾವಲಿ ಎಲ್ಲಿ ಮಲಗುತ್ತದೆ ಅಂತ ಊರಿನ ಹಿರಿಯರನ್ನು ಕೇಳಿ. ನಕ್ಷೆಯಲ್ಲಿ ವಸತಿಯಿಂದ ನೀರಿಗೆ, ನೀರಿನಿಂದ ತೋಟಕ್ಕೆ ಗೆರೆ ಎಳೆಯಿರಿ. ಆ ಗೆರೆ ರಸ್ತೆಯನ್ನು ಕತ್ತರಿಸುವ ಕಡೆ ಗಮನ ಜಾಸ್ತಿ ಇರಲಿ. ಆದರೆ ವಸತಿಯ ಒಳಗೆ ನುಗ್ಗಿ ಟಾರ್ಚ್ ಬಿಡಬೇಡಿ. ಮರಿ ಇರುವ ಕಾಲದಲ್ಲಂತೂ ಹತ್ತಿರವೂ ಹೋಗಬೇಡಿ.

ಕೊನೆಗೆ, ರಸ್ತೆಯ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳನ್ನೂ ಬರೆದುಕೊಳ್ಳಿ. ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ.

ಹಂತ 3: ಸಂಜೆ ಕಾವಲು

ನಕ್ಷೆ ನೋಡಿ ನಾಲ್ಕೈದು ಜಾಗ ಆರಿಸಿ. ಎಲ್ಲವೂ ಅನುಮಾನದ ಜಾಗವೇ ಆಗಬಾರದು. ಎರಡು ಸಾಧಾರಣ ಜಾಗವೂ ಇರಲಿ. ಸೂರ್ಯ ಮುಳುಗುವ ಹೊತ್ತಿಗೆ ಹೋಗಿ, ರಸ್ತೆಯಿಂದ ಚೆನ್ನಾಗಿ ಹೊರಗೆ ನಿಂತು, ಬೆಳಕು ಉಳಿದಿರುವ ಆಕಾಶದ ಕಡೆ ಮುಖ ಮಾಡಿ.

ಮೊದಲು ಎತ್ತರಕ್ಕೆ ಒಂದು ಅಳತೆ ಬೇಕು. ಲಾರಿಯೊಂದು ಕಂಬದ ಪಕ್ಕ ಹಾದುಹೋಗುವಾಗ ಅದರ ತಲೆ ಕಂಬದ ಯಾವ ಮಟ್ಟಕ್ಕೆ ಬರುತ್ತದೆ ಅಂತ ಗುರುತಿಟ್ಟುಕೊಳ್ಳಿ. ಕಾರಿಗೂ ಹಾಗೇ ಮಾಡಿ. ಈಗ ನಿಮಗೆ ಮೂರು ಮಟ್ಟ ಸಿಕ್ಕಿತು: ಕಾರಿನ ಎತ್ತರ, ಕಾರು-ಲಾರಿ ನಡುವೆ, ಲಾರಿಗಿಂತ ಮೇಲೆ. ಒಂದೊಂದು ಬಾವಲಿ ದಾಟಿದಾಗಲೂ ಆ ಮಟ್ಟದ ಕೆಳಗೆ ಒಂದು ಗೀಟು ಹಾಕಿ. ಹತ್ತು ನಿಮಿಷಕ್ಕೊಮ್ಮೆ ವಾಹನಗಳ ಲೆಕ್ಕವನ್ನೂ ಬರೆಯಿರಿ. ಎರಡು ಗಂಟೆ ನಿಂತರೆ ಸಾಕು, ಬಾವಲಿಗಳ ಓಡಾಟ ಜಾಸ್ತಿ ಇರುವುದೇ ಆಗ. ಬೆಳಗಾಗುವ ಮೊದಲು ಮರಳುವಾಗ ಇನ್ನೊಂದು ಸಣ್ಣ ಸುತ್ತು ಇರುತ್ತದೆ.

ಎಷ್ಟು ಬಾವಲಿ ದಾಟಿದವು ಅನ್ನುವುದಕ್ಕಿಂತ ಎಷ್ಟು ಬಾವಲಿ ಲಾರಿಗಿಂತ ಕೆಳಗೆ ದಾಟಿದವು ಅನ್ನುವುದು ಮುಖ್ಯ. ಬ್ರಿಟನ್ನಿನ ಇಬ್ಬರು ಸಂಶೋಧಕರು 2016ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, ಕೆಳಮಟ್ಟದಲ್ಲಿ ಹಾರುವ ಜಾತಿಗಳೇ ವಾಹನಕ್ಕೆ ಜಾಸ್ತಿ ಸಿಗುತ್ತವೆ ಅಂತ ಕಂಡುಬಂತು. ದೊಡ್ಡವಕ್ಕಿಂತ ಎಳೆಯವು ಜಾಸ್ತಿ, ಹೆಣ್ಣಿಗಿಂತ ಗಂಡು ಜಾಸ್ತಿ. ನಮ್ಮಲ್ಲಿ ಕಪ್ಪೆ, ಮಿಡತೆ ಹಿಡಿಯಲು ನೆಲಕ್ಕೆ ಹತ್ತಿರವಾಗಿ ಹಾರುವ ಮೆಗಾಡರ್ಮದಂಥ ಬಾವಲಿಗಳಿವೆ. ಮಳೆರಾತ್ರಿ ಕಪ್ಪೆಗಳು ರಸ್ತೆಗೆ ಬಂದಾಗ ಇವುಗಳ ಮೇಲೆ ಕಣ್ಣಿಡಿ.

ಗಡಿಯಾರದ ಆಟವೂ ಇದೆ. ಬೆಂಗಳೂರಿನ ಸುತ್ತಮುತ್ತ ಜುಲೈ ಮೊದಲ ವಾರ ಸೂರ್ಯ ಮುಳುಗುವುದು 6:50ರ ಸುಮಾರಿಗೆ, ನವೆಂಬರ್ ಕೊನೆಗೆ 5:50ರ ಸುಮಾರಿಗೆ. ಬಾವಲಿ ಹೊರಡುವುದು ಸೂರ್ಯನನ್ನು ನೋಡಿ. ಬಸ್ಸು, ಬೈಕು ಹೊರಡುವುದು ಗಡಿಯಾರ ನೋಡಿ. ಹಾಗಾಗಿ ಚಳಿಗಾಲದಲ್ಲಿ ಆಫೀಸು, ಫ್ಯಾಕ್ಟರಿ ಬಿಡುವ ಹೊತ್ತಿಗೇ ಬಾವಲಿಗಳು ರಸ್ತೆಗೆ ಬರುತ್ತವೆ. ಎರಡೂ ಕಾಲದಲ್ಲಿ ಕಾವಲು ಕೂತರೆ ಮಾತ್ರ ಈ ವ್ಯತ್ಯಾಸ ಸಿಗುತ್ತದೆ.

ಬಂಡೀಪುರದ ವಿಷಯ ಇಲ್ಲಿ ಹೇಳಲೇಬೇಕು. 2009ರಿಂದ ಅಲ್ಲಿ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆ ಇದೆ. ಆನೆ, ಚಿರತೆ, ಜಿಂಕೆಗಳಿಗೆ ಅದರಿಂದ ಆದ ಉಪಕಾರ ದೊಡ್ಡದು, ಆ ತಡೆ ಉಳಿಯಲೇಬೇಕು. ಆದರೆ ಬಾವಲಿಗಳ ಮೊದಲ ಎರಡು ಗಂಟೆ 9ಕ್ಕೆ ಮುಂಚೆಯೇ ಮುಗಿದುಹೋಗುತ್ತದೆ. ನಾಗರಹೊಳೆ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಬಾವಲಿಗೆ ನಿಜವಾದ ರಕ್ಷಣೆ ಸಿಗುವುದು ಅಂಥ ಸಮಯದಲ್ಲಿ.

ಕಾವಲಿನಲ್ಲಿ ಇನ್ನೊಂದು ಸಂಗತಿ ಬರೆಯಿರಿ: ರಸ್ತೆಯವರೆಗೆ ಬಂದು ವಾಪಸ್ ತಿರುಗಿದ ಬಾವಲಿಗಳು. ಅಮೆರಿಕದ ಇಂಡಿಯಾನಾದಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾಹನ ಇದ್ದಾಗ ಶೇ 60ರಷ್ಟು ಬಾವಲಿಗಳು ತಿರುಗಿ ಹೋದವು, ಇಲ್ಲದಿದ್ದಾಗ ಶೇ 32ರಷ್ಟು. ತುಂಬಾ ವಾಹನ ಇರುವ ರಸ್ತೆಯಲ್ಲಿ ಸತ್ತ ಬಾವಲಿ ಕಡಿಮೆ ಸಿಕ್ಕರೆ ಖುಷಿಪಡಬೇಡಿ. ಅವು ದಾಟುವುದನ್ನೇ ಬಿಟ್ಟಿರಬಹುದು. ಆಚೆ ಬದಿಯ ನೀರು, ಊಟ ಎರಡೂ ಅವುಗಳ ಕೈತಪ್ಪಿತು ಅಂತ ಅರ್ಥ.

ಹಂತ 4: ಮುಂಜಾವಿನ ಹುಡುಕಾಟ

ಇದನ್ನು ನಡೆದೇ ಮಾಡಬೇಕು. ಕಾರು, ಬೈಕಿನಿಂದ ನೋಡಿದರೆ ಸಣ್ಣ ಬಾವಲಿ ಕಾಣುವುದೇ ಇಲ್ಲ. ಬೆಳಕು ಮೂಡಿದ ತಕ್ಷಣ, ಕಾಗೆಗಳು ಕೆಲಸ ಶುರು ಮಾಡುವ ಮೊದಲು ಹೊರಡಿ. ಪೋರ್ಚುಗಲ್‌ನಲ್ಲಿ ಮಾಡಿದ ಅಧ್ಯಯನದಲ್ಲಿ ರಸ್ತೆಯಲ್ಲಿ ಬೇಗ ಮಾಯವಾಗುವ ಪ್ರಾಣಿಗಳ ಸಾಲಿನಲ್ಲೇ ಬಾವಲಿ ಇತ್ತು. ಒಂದು ದಿನ ತಡ ಮಾಡಿದರೂ ಲೆಕ್ಕ ತಪ್ಪುತ್ತದೆ.

ಡಾಂಬರಿನ ಮೇಲೆ ಮಾತ್ರ ನೋಡಬೇಡಿ. ಬಡಿದ ಬಾವಲಿ ಹಗುರ, ಪಕ್ಕಕ್ಕೆ ಹಾರಿ ಬೀಳುತ್ತದೆ. ರಸ್ತೆ ಅಂಚಿನ ಮಣ್ಣು, ಹುಲ್ಲು, ಚರಂಡಿ, ತಿರುವಿನಲ್ಲಿ ಕಸ ಕೂಡುವ ಮೂಲೆ, ಎಲ್ಲ ಕಡೆ ನಿಧಾನವಾಗಿ ನೋಡಿ. ಎರಡೂ ಬದಿಗೆ ಒಬ್ಬೊಬ್ಬರಾದರೂ ಬೇಕು. ಸಿಕ್ಕಿದ ಜಾಗದಲ್ಲಿ ಒಂದು ಸ್ಕೇಲ್ ಅಥವಾ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಮೊಬೈಲಿನಲ್ಲಿ ಜಾಗದ ಗುರುತು, ದಿನಾಂಕ, ಸಮಯ, ಹಿಂದಿನ ರಾತ್ರಿ ಮಳೆ ಇತ್ತಾ, ಚಂದ್ರ ಇತ್ತಾ ಅಂತ ಬರೆಯಿರಿ. ಬೆಳದಿಂಗಳಿನಲ್ಲಿ ಹಣ್ಣುಬಾವಲಿಗಳ ಓಡಾಟ ಕಡಿಮೆಯಾಗುವುದುಂಟು.

ವಾರಕ್ಕೆ ಎರಡು ಸಲದಂತೆ ಕನಿಷ್ಠ ಒಂದು ವರ್ಷ ಮಾಡಿದರೆ ಕಾಲದ ವ್ಯತ್ಯಾಸ ಗೊತ್ತಾಗುತ್ತದೆ. ಅಷ್ಟು ಆಗದಿದ್ದರೆ ಈ ಎರಡು ಕಾಲಗಳನ್ನಂತೂ ಬಿಡಬೇಡಿ. ಒಂದು, ಮೊದಲ ಮಳೆಗೆ ಹುತ್ತದಿಂದ ರೆಕ್ಕೆ ಗೆದ್ದಲು ಏಳುವ ದಿನಗಳು. ಆಗ ಬೀದಿದೀಪದ ಕೆಳಗೆ ಹುಳದ ಮಳೆ, ಮೇಲೆ ಬಾವಲಿ. ಎರಡು, ಮರಿಗಳು ಹಾರಲು ಕಲಿಯುವ ಕಾಲ. ದಕ್ಷಿಣ ಭಾರತದಲ್ಲಿ ಮೋಟುಮೂಗಿನ ಹಣ್ಣುಬಾವಲಿ ವರ್ಷಕ್ಕೆ ಎರಡು ಸಲ, ಫೆಬ್ರುವರಿ-ಮಾರ್ಚ್ ಮತ್ತು ಜೂನ್-ಜುಲೈ ಸುಮಾರಿಗೆ, ಮರಿ ಹಾಕುತ್ತದೆ. ಅದಾದ ಒಂದೆರಡು ತಿಂಗಳಿಗೆ ಎಳೆಯ ಬಾವಲಿಗಳು ಮೊದಲ ಬಾರಿ ರಸ್ತೆ ನೋಡುತ್ತವೆ.

ಬದುಕಿರುವ ಬಾವಲಿ ಸಿಕ್ಕರೆ ಹುಡುಕಾಟ ನಿಲ್ಲಿಸಿ. ಕೈಗವಸು ಹಾಕಿ, ದಪ್ಪ ಬಟ್ಟೆ ಮುಚ್ಚಿ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿ ಇಡಿ. ನೀರು ಕುಡಿಸಲು, ಹಾಲು ಹಾಕಲು ಹೋಗಬೇಡಿ. ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ.

ಹಂತ 5: ಸತ್ತ ಬಾವಲಿ ಏನು ಹೇಳುತ್ತದೆ?

ಮೊದಲ ಪ್ರಶ್ನೆ: ಇದು ನಿಜವಾಗಲೂ ವಾಹನಕ್ಕೆ ಸಿಕ್ಕಿದ್ದಾ? ನಮ್ಮ ದೇಶದಲ್ಲಿ ಈ ಪ್ರಶ್ನೆ ಬಿಡುವ ಹಾಗೇ ಇಲ್ಲ. ದೊಡ್ಡ ಹಣ್ಣುಬಾವಲಿಯ ರೆಕ್ಕೆ ಬಿಚ್ಚಿದರೆ ಒಂದು ಮೀಟರ್‌ಗಿಂತ ಅಗಲ. ಎರಡು ತಂತಿಗೆ ಏಕಕಾಲಕ್ಕೆ ತಾಗಿದರೆ ಅಲ್ಲೇ ಸಾವು. ಆಮೇಲೆ ಕೆಳಗೆ ಬಿದ್ದು ವಾಹನಗಳು ಮೇಲೆ ಹರಿದರೆ ನೋಡುವವರಿಗೆ ಅದು ರಸ್ತೆ ಅಪಘಾತ. ತಲೆ ಎತ್ತಿ ನೋಡಿ, ಮೇಲೆ ತಂತಿ ಇದೆಯಾ? ರೆಕ್ಕೆಯ ಪೊರೆಯಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಕಾಲಿನಲ್ಲಿ ಸುಟ್ಟ ಕಲೆ ಇದೆಯಾ? ಕೂದಲು ಮುರುಟಿದೆಯಾ? ಹಾಗಿದ್ದರೆ ಅದನ್ನು ಬೇರೆ ಪಟ್ಟಿಗೆ ಹಾಕಿ. ಗಾಳಿಪಟದ ದಾರ ಸುತ್ತಿಕೊಂಡಿದ್ದರೂ ಅಷ್ಟೇ. ಕಾರಣ ಗೊತ್ತಾಗದಿದ್ದರೆ ‘ಗೊತ್ತಿಲ್ಲ’ ಅಂತಲೇ ಬರೆಯಿರಿ.

ಎರಡನೆಯದು, ಯಾವ ಗುಂಪು? ನಾಯಿಮರಿಯಂಥ ಮುಖ, ದೊಡ್ಡ ಕಣ್ಣು, ಸರಳವಾದ ಕಿವಿ, ಹೆಬ್ಬೆರಳಿನ ಜೊತೆ ಎರಡನೇ ಬೆರಳಿಗೂ ಉಗುರು ಇದ್ದರೆ ಹಣ್ಣುಬಾವಲಿ. ಸಣ್ಣ ಕಣ್ಣು, ಎರಡನೇ ಬೆರಳಿಗೆ ಉಗುರಿಲ್ಲ ಅಂದರೆ ಹುಳ ತಿನ್ನುವ ಬಾವಲಿ. ಮೂಗಿನ ಮೇಲೆ ಎಲೆಯಂಥ ಮಡಿಕೆ ಇದೆಯಾ ನೋಡಿ, ಹತ್ತಿರದಿಂದ ಫೋಟೊ ತೆಗೆಯಿರಿ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಉದ್ದ ಅಳೆಯಿರಿ. ಮೋಟುಮೂಗಿನದಕ್ಕೆ ಅದು 7 ಸೆಂಟಿಮೀಟರ್ ಆಸುಪಾಸು, ಪುಟಾಣಿ ಪಿಪಿಸ್ಟ್ರೆಲ್‌ಗೆ 3 ಸೆಂಟಿಮೀಟರ್ ಸುಮಾರು. ಜಾತಿಯ ಹೆಸರು ನೀವೇ ತೀರ್ಮಾನಿಸಬೇಡಿ. ಫೋಟೊಗಳನ್ನು ಐನ್ಯಾಚುರಲಿಸ್ಟ್ ಅನ್ನುವ ಜಾಲತಾಣಕ್ಕೆ ಹಾಕಿದರೆ ಬಲ್ಲವರು ಹೇಳುತ್ತಾರೆ.

ಮೂರನೆಯದು ವಯಸ್ಸು. ಚಿಮಟದಿಂದ ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ, ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆರಳಿನ ಗಂಟುಗಳನ್ನು ನೋಡಿ. ಎಳೆಯದಾಗಿದ್ದರೆ ಗಂಟು ಉದ್ದುದ್ದ, ನುಣುಪು, ಮೂಳೆಯ ತುದಿಗಳ ನಡುವೆ ಬೆಳಕು ತೂರುವ ಪಟ್ಟಿ ಕಾಣುತ್ತದೆ. ಅಲ್ಲಿ ಇನ್ನೂ ಮೂಳೆ ಗಟ್ಟಿಯಾಗಿಲ್ಲ. ಬಲಿತದ್ದಾದರೆ ಗಂಟು ಗುಂಡಗೆ ಉಬ್ಬಿ, ಬೆಳಕು ಬಿಡದೆ ಕಪ್ಪಗೆ ಕಾಣುತ್ತದೆ. ಒಂದೇ ಜಾಗದಲ್ಲಿ ಬೆಳಕು ತೂರುವ ಗಂಟುಗಳೇ ಸಾಲಾಗಿ ಸಿಕ್ಕರೆ ಹತ್ತಿರದಲ್ಲೇ ಮರಿ ಸಾಕುವ ವಸತಿ ಇರುವ ಸಾಧ್ಯತೆ ದೊಡ್ಡದು. ಕೆಲಸ ಮುಗಿದ ಮೇಲೆ ಸತ್ತ ಬಾವಲಿಯನ್ನು ಚಿಮಟದಿಂದಲೇ ರಸ್ತೆಯಿಂದ ದೂರ ಸರಿಸಿ. ಇಲ್ಲದಿದ್ದರೆ ಅದನ್ನು ತಿನ್ನಲು ಬಂದ ಗೂಬೆ, ನಾಯಿಯೂ ಸಾಯುತ್ತವೆ.

ಹಂತ 6: ಕಾಣದೇ ಹೋದದ್ದನ್ನು ಲೆಕ್ಕಕ್ಕೆ ತನ್ನಿ

ಸಿಕ್ಕಿದ್ದು ಆರು ಅಂದರೆ ಸತ್ತದ್ದು ಆರು ಅಲ್ಲ. ಎರಡು ಸಣ್ಣ ಪರೀಕ್ಷೆ ಮಾಡಿ. ಬಾವಲಿ ಗಾತ್ರದ ಕಂದು ಬಟ್ಟೆಯ 20 ತುಂಡುಗಳನ್ನು ಸ್ನೇಹಿತರೊಬ್ಬರು ರಸ್ತೆ ಅಂಚಿನಲ್ಲಿ ಹಾಕಲಿ. ಎಲ್ಲಿ ಅಂತ ನಿಮಗೆ ಗೊತ್ತಿರಬಾರದು. 12 ಸಿಕ್ಕರೆ ನಿಮ್ಮ ಕಣ್ಣಿನ ಪಾಲು 0.6. ಎರಡನೆಯದಕ್ಕೆ, ಸಿಕ್ಕಿದ ಕೆಲವು ಬಾವಲಿಗಳನ್ನು ಅಂಚಿಗೆ ಸರಿಸಿ, ಅಲ್ಲೇ ಬಿಟ್ಟು, ಮಾರನೇ ಬೆಳಿಗ್ಗೆ ನೋಡಿ. ಅರ್ಧ ಉಳಿದಿದ್ದರೆ ಉಳಿಕೆಯ ಪಾಲು 0.5. ಎರಡನ್ನೂ ಗುಣಿಸಿದರೆ 0.3. ಆರನ್ನು 0.3ರಿಂದ ಭಾಗಿಸಿದರೆ 20. ಇದು ಅಂದಾಜು ಮಾತ್ರ. ಆದರೂ ಅಧಿಕಾರಿಗಳ ಮುಂದೆ ಬರೀ ಆರು ಅಂತ ಹೇಳುವುದಕ್ಕಿಂತ ಇದು ಸತ್ಯಕ್ಕೆ ಹತ್ತಿರ. ಪ್ರಯೋಗ ಮುಗಿದ ಮೇಲೆ ಬಟ್ಟೆ ತುಂಡುಗಳನ್ನು ಹೆಕ್ಕಿ ತನ್ನಿ.

ಹಂತ 7: ಹೋಲಿಸಿ ನೋಡಿ

ತುಂಬಾ ಜನ ಇಲ್ಲಿ ಎಡವುತ್ತಾರೆ. ಸತ್ತ ಜಾಗಗಳ ಪಟ್ಟಿ ನೋಡಿ ‘ಅರ್ಧಕ್ಕಿಂತ ಜಾಸ್ತಿ ಬೀದಿದೀಪದ ಹತ್ತಿರ ಸತ್ತಿವೆ, ದೀಪವೇ ಕಾರಣ’ ಅನ್ನುತ್ತಾರೆ. ಆ ರಸ್ತೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ದೀಪವೇ ಇದ್ದರೆ ಆ ಮಾತಿಗೆ ಅರ್ಥ ಇಲ್ಲ, ಅಲ್ವಾ?

ಅದಕ್ಕೇ ಸಾವಿನ ಒಂದೊಂದು ಜಾಗಕ್ಕೂ ಅದೇ ರಸ್ತೆಯಲ್ಲಿ ಎರಡು ಜಾಗ ಚೀಟಿ ಎತ್ತಿ ಆರಿಸಿ. ಅಲ್ಲೂ ಅದೇ ಸಂಗತಿಗಳನ್ನು ಬರೆಯಿರಿ. ಒಂದು ಕಲ್ಪನೆಯ ಲೆಕ್ಕ ನೋಡಿ. ಸಾವಿನ 15 ಜಾಗಗಳಲ್ಲಿ 8 ಕಡೆ ದೀಪ, ಚೀಟಿ ಎತ್ತಿದ 30ರಲ್ಲಿ 16 ಕಡೆ ದೀಪ. ಎರಡೂ ಸಮ. ಅಂದರೆ ಈ ರಸ್ತೆಯಲ್ಲಿ ದೀಪ ಮುಖ್ಯ ಕಾರಣ ಅಲ್ಲ. ಆದರೆ ಸಾವಿನ 15ರಲ್ಲಿ 9 ಕಡೆ ಮರಗಳ ತಲೆ ತುಂಡಾಗಿದೆ, ಚೀಟಿಯ 30ರಲ್ಲಿ 6 ಕಡೆ ಮಾತ್ರ ಹಾಗಿದೆ. ಶೇ 60 ಎಲ್ಲಿ, ಶೇ 20 ಎಲ್ಲಿ! ಕಾರಣ ಇಲ್ಲಿದೆ. ಹೀಗೆ ಒಂದೊಂದು ಅಂಶವನ್ನೂ ತೂಗಿ: ರಸ್ತೆಯ ಎತ್ತರ, ನೀರಿನ ದೂರ, ಹಣ್ಣಿನ ಮರ, ವಾಹನಗಳ ವೇಗ. ಕಾಲೇಜಿನ ಸಂಖ್ಯಾಶಾಸ್ತ್ರದ ಅಧ್ಯಾಪಕರನ್ನು ಜೊತೆಗೆ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು.

ಎಚ್ಚರಿಕೆ ಒಂದಿದೆ. ಒಂದೇ ರಾತ್ರಿ ಗೆದ್ದಲು ಎದ್ದಾಗ ಒಂದೇ ಕಡೆ ಹಲವು ಬಾವಲಿ ಸತ್ತಿರಬಹುದು. ಅದನ್ನು ಹಲವು ಘಟನೆ ಅಂತ ಎಣಿಸಬೇಡಿ. ದಿನಾಂಕ ಬರೆದಿಟ್ಟಿದ್ದರೆ ಇದು ಸುಲಭಕ್ಕೆ ಗೊತ್ತಾಗುತ್ತದೆ.

ಹಂತ 8: ಏನು ಕೇಳಬೇಕು, ಯಾರನ್ನು ಕೇಳಬೇಕು?

ಇಡೀ ರಸ್ತೆ ಸರಿಮಾಡಿ ಅಂತ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ‘ಈ 200 ಮೀಟರ್’ ಅಂತ ನಕ್ಷೆ ತೋರಿಸಿ ಕೇಳಿ.

‘ಸಾಲುಮರವೇ ಬಾವಲಿಯನ್ನು ರಸ್ತೆಗೆ ತರುತ್ತಿದೆ, ಮರ ಕಡಿಯಿರಿ’ ಅಂತ ಯಾರಾದರೂ ನಿಮ್ಮ ವರದಿಯನ್ನೇ ಹಿಡಿದು ಹೇಳಬಹುದು. ಇದನ್ನು ಮೊದಲ ಪುಟದಲ್ಲೇ ತಡೆಯಿರಿ. ಹುಲಿಕಲ್‌ನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕ ಬೆಳೆಸಿದಂಥ ಆಲದ ಸಾಲು ಬಾವಲಿಗೆ ಊಟ, ಹಾದಿ ಎರಡೂ ಹೌದು. ಅಪಾಯ ಇರುವುದು ಮರದಲ್ಲಲ್ಲ, ಮರ ತುಂಡಾದ ಜಾಗದಲ್ಲಿ. ಅಲ್ಲಿ ಎತ್ತರಕ್ಕೆ ಬೆಳೆಯುವ ಮರ ನೆಡಿ, ಎರಡೂ ಬದಿ ತಲೆ ಕೂಡಲಿ. ಗಸಗಸೆಯಂಥ ಗಿಡ್ಡ ಹಣ್ಣಿನ ಮರವನ್ನು ಮಾತ್ರ ವೇಗದ ರಸ್ತೆಯ ಅಂಚಿಗೆ ಹೊಸದಾಗಿ ನೆಡಬೇಡಿ, ಶಾಲೆಯ ಅಂಗಳದಲ್ಲೋ ಹೊಲದ ಬದುವಿನಲ್ಲೋ ಹಾಕಿ. ರಸ್ತೆ ಅಗಲ ಮಾಡಲು 50ಕ್ಕೂ ಜಾಸ್ತಿ ಮರ ಕಡಿಯುವುದಿದ್ದರೆ, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ನಿಮ್ಮ ದಾಖಲೆಗೆ ಅಲ್ಲಿ ಬೆಲೆ ಬರುತ್ತದೆ.

ಕೆರೆ ಏರಿಯ ಮೇಲೆ ವೇಗ ಇಳಿಸುವುದೇ ಮುಖ್ಯ. ಹಂಪ್, ಫಲಕ ಕೇಳಲು ಲೋಕೋಪಯೋಗಿ ಇಲಾಖೆಗೆ ಹೋಗಿ. ಬೀದಿದೀಪಕ್ಕೆ ಗ್ರಾಮ ಪಂಚಾಯಿತಿ. ದೀಪ ಬೇಡ ಅನ್ನಬೇಡಿ, ರಾತ್ರಿ ನಡೆದು ಬರುವ ಹೆಣ್ಣುಮಕ್ಕಳಿಗೆ ಬೆಳಕು ಬೇಕು. ಬೆಳಕು ಕೆಳಕ್ಕೆ ಮಾತ್ರ ಬೀಳುವ ಮುಚ್ಚಳ, ಬಿಳಿಯ ಬದಲು ಹಳದಿ ಬಲ್ಬು ಕೇಳಿ. ತಂತಿಯಿಂದ ಸಾವು ಜಾಸ್ತಿ ಇದ್ದರೆ ವಿದ್ಯುತ್ ಸರಬರಾಜು ಕಂಪನಿಗೆ ಹೊದಿಕೆ ಇರುವ ಕೇಬಲ್ ಕೇಳಿ. ಮೋರಿ ಕಸ ತೆಗೆಯುವುದಂತೂ ಗ್ರಾಮೀಣ ಉದ್ಯೋಗ ಖಾತರಿ ಕೆಲಸದಲ್ಲೇ ಆಗಬಹುದು, ಪಂಚಾಯಿತಿಯಲ್ಲಿ ಕೇಳಿ ನೋಡಿ.

ಹೊಸ ರಸ್ತೆಯಾದರೆ ಮೋರಿ, ಕೆಳಸೇತುವೆಗಳ ಜಾಗವನ್ನು ಮೊದಲೇ ಹೇಳಿ. ಇಂಗ್ಲೆಂಡಿನಲ್ಲಿ ರಸ್ತೆಯ ಮೇಲೆ ತಂತಿ ಕಟ್ಟಿ ‘ಬಾವಲಿ ಸೇತುವೆ’ ಮಾಡಿದ್ದರು. 2012ರಲ್ಲಿ ಇಬ್ಬರು ಸಂಶೋಧಕರು ಪರೀಕ್ಷಿಸಿದಾಗ ಬಾವಲಿಗಳು ಅವನ್ನು ಹೆಚ್ಚುಕಡಿಮೆ ಬಳಸುತ್ತಲೇ ಇರಲಿಲ್ಲ. ಅದೇ ಅಧ್ಯಯನದಲ್ಲಿ, ಹಳೆಯ ಹಾದಿಯ ಮೇಲೆಯೇ ಕಟ್ಟಿದ್ದ ಒಂದು ಕೆಳಸೇತುವೆಯಲ್ಲಿ ಶೇ 96ರಷ್ಟು ಬಾವಲಿಗಳು ಸುರಕ್ಷಿತವಾಗಿ ದಾಟಿದ್ದವು. ಹಾದಿಯಿಂದ ದೂರ ಕಟ್ಟಿದವಕ್ಕೆ ಅಂಥ ಫಲ ಸಿಗಲಿಲ್ಲ. ಎರಡನೇ ಹಂತದ ನಿಮ್ಮ ನಕ್ಷೆಗೆ ಇಷ್ಟು ಬೆಲೆ ಇರುವುದು ಅದಕ್ಕೇ.

ಬದಲಾವಣೆ ಆದ ಮೇಲೆ ಅದೇ ತಿಂಗಳುಗಳಲ್ಲಿ, ಅದೇ ರೀತಿಯಲ್ಲಿ ಮತ್ತೆ ಹುಡುಕಿ. ಏನೂ ಬದಲಾಯಿಸದ ಇನ್ನೊಂದು ತುಂಡು ರಸ್ತೆಯನ್ನೂ ಜೊತೆಗೇ ನೋಡಿ. ಸಂಜೆ ಕಾವಲನ್ನು ಕೈಬಿಡಬೇಡಿ. ಸಾವು ಕಡಿಮೆಯಾಗಿ, ದಾಟುವ ಸಂಖ್ಯೆ ಹಾಗೇ ಇದ್ದರೆ ಪರಿಹಾರ ಫಲ ಕೊಟ್ಟಿದೆ. ಎರಡೂ ಕಡಿಮೆಯಾಗಿದ್ದರೆ ಬಾವಲಿಗಳು ಆ ಹಾದಿಯನ್ನೇ ಬಿಟ್ಟಿರಬಹುದು. ಆಗ ಅವು ಎಲ್ಲಿ ದಾಟುತ್ತಿವೆ ಅಂತ ಎರಡನೇ ಹಂತದಿಂದ ಮತ್ತೆ ನೋಡಿಕೊಂಡು ಬನ್ನಿ.